ಪಾಠ ಯೋಜನೆ ಪುಸ್ತಕದ ಮೇಲಿನ ಹೆಸರು

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆ. 2025ರ ಜೂನ್ ತಿಂಗಳು. ಎಂಟನೇ ತರಗತಿಗೆ ವಿಜ್ಞಾನ, ಒಂಬತ್ತಕ್ಕೆ ಗಣಿತ. ಮೊದಲ ದಿನ ಪರಿಚಯ ಹೇಳುವಾಗ, "ನನ್ನ ಹೆಸರು ಹರ್ಷ. ಹರ್ಷ ಸರ್ ಅಂತ ಕರೀರಿ" ಎಂದಿದ್ದೆ. ಮಕ್ಕಳು ಹಾಗೇ ಕರೆಯುತ್ತಿದ್ದರು. ಜೊತೆಗೆ ಬಂದಿದ್ದ ನಮ್ಮ ಕಾಲೇಜಿನ ಗೆಳೆಯರೂ ಹಾಗೇ ಕರೆಯುತ್ತಾರೆ. ಪದವಿಯ ಮೊದಲ ವರ್ಷದಿಂದ ನಾನು ಎಲ್ಲ ಕಡೆ ಹರ್ಷನೇ.

ಎರಡನೇ ವಾರದಲ್ಲಿ ಒಂದು ದಿನ ಸೂಕ್ಷ್ಮಜೀವಿಗಳ ಪಾಠ. ಹಾಲು, ಮೊಸರು, ಎರಡು ಲೋಟ, ಎಲ್ಲ ಸಾಮಗ್ರಿಯೂ ಇತ್ತು, ಆದರೆ ಪಾಠ ಯೋಜನೆ ಪುಸ್ತಕವನ್ನು ಸಿಬ್ಬಂದಿ ಕೊಠಡಿಯಲ್ಲೇ ಬಿಟ್ಟು ಬಂದಿದ್ದೆ. ಹಿಂದಿನ ಬೆಂಚಿನಲ್ಲಿ ಸಹಪಾಠಿ ವೀಕ್ಷಣಾ ನಮೂನೆ ಹಿಡಿದು ಕುಳಿತಿದ್ದ. ಮೊದಲ ಬೆಂಚಿನ ಹುಡುಗನೊಬ್ಬನನ್ನು, "ಟೇಬಲ್ ಮೇಲೆ ಕಂದು ರಟ್ಟಿನ ಪುಸ್ತಕ ಇದೆ, ತಗೊಂಡು ಬಾ" ಎಂದು ಕಳಿಸಿದೆ. ಹೋದವನು ಬರಿಗೈಯಲ್ಲಿ ಓಡಿಬಂದ.

"ಸರ, ಟೇಬಲ್ ಮ್ಯಾಲೆ ಒಂದ ಬುಕ್ಕು ಐತ್ರಿ. ಅದು ನಿಮ್ದಲ್ರಿ. ಹುಸೇನಪ್ಪ ಅಂತ ಬರದೈತ್ರಿ."

ನಾನು ಮೊಸರಿನ ಲೋಟ ಕೈಯಲ್ಲಿ ಹಿಡಿದು ನಿಂತಿದ್ದೆ. "ಅದು ನಂದೇ. ತಗೊಂಡು ಬಾ" ಎಂದೆ. ತರಗತಿ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ನಡುವಿನ ಸಾಲಿನಿಂದ ಒಂದು ದನಿ ಬಂತು:

"ನೀವು ಸಾಬ್ರೇನ್ರಿ ಸರ?"

"ಅಲ್ಲ, ಅಲ್ಲ. ಸುಮ್ನೆ ಹೆಸರು ಅಷ್ಟೆ. ಬರ್‍ರಿ, ಪಾಠಕ್ಕೆ ಬರ್‍ರಿ" ಎಂದೆ. ಪ್ರಶ್ನೆ ಕೇಳಿದವನಿಗೆ ಅದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ನಮ್ಮ ಕಡೆ ಅದು ಊರು ಯಾವುದು ಎಂದು ಕೇಳಿದಷ್ಟೇ ಸಲೀಸಾದ ಪ್ರಶ್ನೆ. ನನ್ನ ಉತ್ತರವೂ ಸುಳ್ಳಲ್ಲ. ಆದರೆ ಆ ಎರಡು "ಅಲ್ಲ"ಗಳ ನಡುವೆ ಉಸಿರು ತೆಗೆದುಕೊಳ್ಳುವಷ್ಟೂ ಬಿಡುವಿರಲಿಲ್ಲ. ಮೇಲೆ ಬಿದ್ದ ಜಿರಲೆ ಕೊಡವಿಕೊಂಡ ಹಾಗೆ. ಮೂರನೇ ಸಾಲಿನಲ್ಲಿ ಕಿಟಕಿ ಪಕ್ಕ ಕೂರುವ ಹುಡುಗ ನನ್ನನ್ನೇ ನೋಡುತ್ತಿದ್ದ. ನಾನು ಅವನ ಕಡೆ ತಿರುಗುವ ಹೊತ್ತಿಗೆ ಅವನು ಪುಸ್ತಕಕ್ಕೆ ತಲೆ ಬಗ್ಗಿಸಿದ. ಆ ತರಗತಿಯಲ್ಲಿ ಮುಸ್ಲಿಂ ಮಕ್ಕಳು ನಾಲ್ವರು. ಅವನು ಅವರಲ್ಲಿ ಒಬ್ಬ.

ಸಹಪಾಠಿ ತನ್ನ ನಮೂನೆಯಲ್ಲಿ ಬರೆದ: "ವಿಷಯಾಂತರವನ್ನು ಚೆನ್ನಾಗಿ ನಿಭಾಯಿಸಿದರು." ಐದಕ್ಕೆ ನಾಲ್ಕು ಅಂಕ.

ನನ್ನ ಹೆಸರಿನ ಕತೆ ನಮ್ಮ ಭಾಗದವರಿಗೆ ಹೊಸದಲ್ಲ. ಕೊಪ್ಪಳ, ರಾಯಚೂರು, ಗದಗ, ಬಳ್ಳಾರಿ ಸೀಮೆಯ ಹಳ್ಳಿಗಳಲ್ಲಿ ಮೊಹರಂ ಎಂದರೆ ಅಲಾಯಿ ಹಬ್ಬ. ಒಂದೂ ಮುಸ್ಲಿಂ ಮನೆ ಇಲ್ಲದ ಊರುಗಳಲ್ಲೂ ಅದು ನಡೆಯುತ್ತದೆ. ಚಂದ್ರ ಕಂಡ ಮೇಲೆ ಮಸೂತಿ ಮುಂದೆ ಗುದ್ದಲಿ ಹಾಕಿ ದುಂಡಗೆ ಅಲಾಯಿ ಕುಣಿ ತೋಡುತ್ತಾರೆ. ಪಂಜಾಗಳನ್ನು ಕೂರಿಸುತ್ತಾರೆ. ಹಲಗೆ ಬಡಿತಕ್ಕೆ ಹೆಜ್ಜೆ ಹಾಕುತ್ತಾರೆ, ಕರ್ಬಲಾ ಕತೆಯ ರಿವಾಯತ್ ಪದಗಳನ್ನು ಕನ್ನಡದಲ್ಲೇ ಹಾಡುತ್ತಾರೆ. 680ನೆಯ ಇಸವಿಯಲ್ಲಿ ಇರಾಕಿನ ಬಯಲಿನಲ್ಲಿ ನೀರಿಲ್ಲದೆ ಹೋರಾಡಿ ಸತ್ತ ಹುಸೇನರ ದುಃಖ, ಬರಗಾಲ ಕಂಡ ನಮ್ಮ ಜನಕ್ಕೆ ತಮ್ಮದೇ ಆಗಿ ಕೇಳಿಸಿರಬೇಕು. ಇದು ನನ್ನ ಊಹೆ. ಹರಕೆ ಹೊತ್ತವರು ಬಣ್ಣದ ದಾರದ ಲಾಡಿಯನ್ನು ಕೊರಳಿಗೆ ಹಾಕಿಕೊಂಡು ಫಕೀರರಾಗುತ್ತಾರೆ, ಐದು ಮನೆ ಭಿಕ್ಷೆ ಬೇಡುತ್ತಾರೆ. ಸಕ್ಕರೆ ಓದಿಸುತ್ತಾರೆ. ಒಂಬತ್ತನೆಯ ರಾತ್ರಿ ಕತ್ತಲ ರಾತ್ರಿ. ಹತ್ತನೆಯ ದಿನ ದೇವರು ಹೊಳೆಗೆ ಹೋಗುತ್ತವೆ.

ನನಗಿಂತ ಮುಂಚೆ ಅವ್ವನಿಗೆ ಎರಡು ಮಕ್ಕಳಾಗಿ ಉಳಿಯಲಿಲ್ಲ. 1999ರ ಕತ್ತಲ ರಾತ್ರಿ ಅಜ್ಜಿ ಅವ್ವನನ್ನು ಕುಣಿಯ ಮುಂದೆ ನಿಲ್ಲಿಸಿ, ಈ ಸಲ ಉಳಿದರೆ ನಿನ್ನ ಹೆಸರೇ ಇಡುತ್ತೇವೆ, ಐದು ವರ್ಷ ಫಕೀರನನ್ನಾಗಿ ಮಾಡುತ್ತೇವೆ ಎಂದು ಬೇಡಿಕೊಂಡಳಂತೆ. 2000ದ ಜನವರಿಯಲ್ಲಿ ನಾನು ಹುಟ್ಟಿದೆ, ಉಳಿದೆ. ಹುಸೇನಪ್ಪ ಆದೆ. "ಅಪ್ಪ" ಸೇರಿದ್ದರಿಂದ ಅದು ನಮ್ಮ ಊರಿನವರಿಗೆ ಬಸಪ್ಪ, ಯಮನಪ್ಪ, ಫಕೀರಪ್ಪ ಇದ್ದ ಹಾಗೆ ಮತ್ತೊಂದು ಹೆಸರು. ನಮ್ಮ ಓಣಿಯಲ್ಲೇ ಮೂವರು ಹುಸೇನಪ್ಪರಿದ್ದೆವು. ದೊಡ್ಡ ಹುಸೇನಪ್ಪ, ಸಣ್ಣ ಹುಸೇನಪ್ಪ, ನಾನು ಸಾಲಿ ಹುಸೇನಪ್ಪ. ಮನೆಯ ಜಗುಲಿಯ ಮೇಲೆ ನಮ್ಮ ಕುಲದೇವರ ಪಟ, ಪಕ್ಕದ ಗೂಟಕ್ಕೆ ಹಿಂದಿನ ವರ್ಷದ ಲಾಡಿ. ಹದಿನೆಂಟು ವರ್ಷ ನನಗೆ ಇವೆರಡರ ನಡುವೆ ವಿವರಿಸಬೇಕಾದದ್ದು ಏನಾದರೂ ಇದೆ ಎಂದು ಅನ್ನಿಸಿದ್ದೇ ಇಲ್ಲ.

ಅನ್ನಿಸಿದ್ದು ಪದವಿ ಓದಲು ನಗರದ ಹಾಸ್ಟೆಲ್ಲಿಗೆ ಹೋದಾಗ. ಮೊದಲ ರಾತ್ರಿ ಕೋಣೆಯಲ್ಲಿ ಹೆಸರು ಹೇಳಿದ ಕೂಡಲೇ ಬಂದ ಪ್ರಶ್ನೆ, "ಅಂದ್ರೆ ನೀನು ಯಾವುದು?" ವಿವರಿಸಿದೆ. ನಕ್ಕರು. "ಅರ್ಧ ಸಾಬ" ಎಂದು ಅಡ್ಡಹೆಸರಿಟ್ಟರು. ಅದು ತಮಾಷೆಯೇ, ಹೊಡೆದವರೂ ಇಲ್ಲ, ಬಡಿದವರೂ ಇಲ್ಲ. ಆದರೆ ಊಟದ ಮನೆಯಲ್ಲಿ ಹೊಸಬರು ಸಿಕ್ಕಾಗಲೆಲ್ಲ ಅದೇ ಕತೆಯನ್ನು ಮೊದಲಿನಿಂದ ಹೇಳುವುದು ಸಾಕಾಯಿತು. ನಾಲ್ಕನೇ ತಿಂಗಳಿಗೆ ಹೊಸ ಪರಿಚಯಗಳಿಗೆ "ಹರ್ಷ" ಎಂದು ಹೇಳತೊಡಗಿದೆ. ಹೆಸರಿನ ಮೊದಲ ಅಕ್ಷರಕ್ಕೆ ಹೆಚ್ಚು ದೂರವಾಗಬಾರದು ಎಂಬ ಲೆಕ್ಕವೂ ಇತ್ತು, ಸಹಿ ಒಂದೇ ಥರ ಕಾಣಲಿ ಎಂದು.

ಆ ವರ್ಷ ಮೊಹರಂಗೆ ಊರಿಗೆ ಹೋದಾಗ ಅಜ್ಜಿ ಲಾಡಿ ಹಿಡಿದು ಬಂದರೆ ಬೇಡವೆಂದೆ. "ನಾನು ಸೈನ್ಸ್ ಓದ್ತೀನಿ, ಇದನ್ನೆಲ್ಲ ನಂಬಂಗಿಲ್ಲ" ಎಂದೆ. ಅಜ್ಜಿ ವಾದಿಸಲಿಲ್ಲ. ಲಾಡಿಯನ್ನು ಮತ್ತೆ ಗೂಟಕ್ಕೆ ಹಾಕಿದಳು. ನಾನು ಗೆದ್ದೆ ಎಂದುಕೊಂಡೆ. ವಿಚಾರವಂತನಾದೆ ಎಂದೂ ಅಂದುಕೊಂಡೆ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಅದೇ ವರ್ಷ ಸೆಮಿಸ್ಟರ್ ಪರೀಕ್ಷೆಗೆ ಮುಂಚೆ ಹಾಸ್ಟೆಲ್ಲಿನ ಹುಡುಗರೆಲ್ಲ ಗುಡ್ಡದ ಗುಡಿಗೆ ಹೊರಟಾಗ ನಾನೂ ಹೋದೆ. ಗಂಟೆ ಬಾರಿಸಿದೆ, ಹಾಲ್ ಟಿಕೆಟ್ ದೇವರ ಮುಂದೆ ಇಟ್ಟೆ, ಕೈಗೆ ದಾರ ಕಟ್ಟಿಸಿಕೊಂಡೆ. ಆ ದಾರ ಫಲಿತಾಂಶ ಬರುವವರೆಗೂ ಮಣಿಕಟ್ಟಿನಲ್ಲಿತ್ತು. ಒಂದು ದಾರವನ್ನು ಭೌತಶಾಸ್ತ್ರದ ಹೆಸರಿನಲ್ಲಿ ನಿರಾಕರಿಸಿ, ಮೂರು ತಿಂಗಳಲ್ಲಿ ಇನ್ನೊಂದು ದಾರ ಕಟ್ಟಿಸಿಕೊಂಡವನಿಗೆ ಎರಡರ ನಡುವೆ ಕಂಡ ವ್ಯತ್ಯಾಸವಾದರೂ ಏನು? ಎರಡನೆಯದನ್ನು ಕೋಣೆಯ ಉಳಿದ ಮೂವರೂ ಕಟ್ಟಿಕೊಂಡಿದ್ದರು, ಅಷ್ಟೆ. ನನ್ನ ಲಾಡಿಯನ್ನು ಕೊರಳಿನಿಂದ ಇಳಿಸಿದ್ದು ನ್ಯೂಟನ್ ಅಲ್ಲ, ನನ್ನ ಕೋಣೆಯವರು. ಇದು ನನಗೆ ಹೊಳೆಯಲು ಆರು ವರ್ಷ ಬೇಕಾಯಿತು. ಹೊಳೆದದ್ದೂ ಮೊಸರಿನ ಲೋಟ ಹಿಡಿದು ನಿಂತಾಗ.

ಹಾಗೆಂದು ಸಮಾಜೀಕರಣ ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಶಿಕ್ಷಣದ ಸಮಾಜಶಾಸ್ತ್ರೀಯ ತಳಹದಿಯ ಪತ್ರಿಕೆಯಲ್ಲಿ ನಾವೆಲ್ಲ ಬರೆದ ಹತ್ತು ಅಂಕದ ಪ್ರಶ್ನೆ ಅದು. ಕುಟುಂಬ, ಸಮವಯಸ್ಕರ ಗುಂಪು, ಶಾಲೆ, ಧರ್ಮ, ಸಮೂಹ ಮಾಧ್ಯಮ. ಪ್ರತಿಯೊಂದಕ್ಕೆ ಅಡಿಗೆರೆ ಎಳೆದು ಎರಡು ವಾಕ್ಯ. ನನಗೆ ಒಳ್ಳೆಯ ಅಂಕವೇ ಬಂದಿತ್ತು. ಉತ್ತರ ಪತ್ರಿಕೆಯ ಮೇಲೆ ಪೂರ್ಣ ಹೆಸರು ಬರೆಯುವ ಹಾಗಿಲ್ಲವಾದ್ದರಿಂದ ಆ ಐದೂ ಅಂಶಗಳು ಸೇರಿ ನನಗೇನು ಮಾಡಿವೆ ಎಂದು ನೋಡಿಕೊಳ್ಳುವ ಪ್ರಸಂಗವೂ ಬರಲಿಲ್ಲ.

ಆ ದಿನದ ಚಿಂತನಾ ದಿನಚರಿಯಲ್ಲಿ ನಡೆದದ್ದನ್ನು ಚಿಕ್ಕದಾಗಿ ಬರೆದೆ. ಬರೆಯದಿದ್ದರೂ ನಡೆಯುತ್ತಿತ್ತು. ವಾರದ ಕೊನೆಗೆ ನಮ್ಮ ಮೇಲ್ವಿಚಾರಕ ಮೇಡಂ ದಿನಚರಿ ನೋಡಿ ವಾಪಸು ಕೊಟ್ಟಾಗ ಆ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಎರಡು ಮಾತಿದ್ದವು: "ಉತ್ತರ ಸರಿ. ಧ್ವನಿ?"

ಮೇಡಂ ಅವರನ್ನು ಕೇಳಿದಾಗ ಅವರು ಹೆಚ್ಚೇನೂ ಹೇಳಲಿಲ್ಲ. ಡರ್ಕ್‌ಹೈಮ್‌ನನ್ನು ಗೈಡಿನಲ್ಲಿ ಓದಿದ್ದೀಯಾ ಇಲ್ಲಾ ಪುಸ್ತಕದಲ್ಲೋ ಎಂದರು. ಗೈಡಿನಲ್ಲಿ ಎಂದೆ. ಗ್ರಂಥಾಲಯದಿಂದ ತಂದು ಸ್ವಲ್ಪ ಓದಿದೆ. ಸ್ವಲ್ಪ ಎಂದರೆ ನಿಜಕ್ಕೂ ಸ್ವಲ್ಪವೇ. ಎಮಿಲ್ ಡರ್ಕ್‌ಹೈಮ್ ಸಮಾಜಶಾಸ್ತ್ರಜ್ಞ ಎಂಬುದಷ್ಟೇ ನನಗೆ ಗೊತ್ತಿತ್ತು. ಅವನು ನಮ್ಮಂಥವರಿಗೆ ಪಾಠ ಹೇಳುತ್ತಿದ್ದವನು, 1887ರಿಂದ ಫ್ರಾನ್ಸಿನ ಬೋರ್ಡೋದಲ್ಲಿ ಮುಂದೆ ಶಿಕ್ಷಕರಾಗುವವರಿಗೆ ಶಿಕ್ಷಣಶಾಸ್ತ್ರ ಕಲಿಸಿದವನು ಎಂದು ತಿಳಿದದ್ದು ಈಗ. ಯಹೂದಿ ಧರ್ಮಗುರುಗಳ ಮನೆತನದಲ್ಲಿ ಹುಟ್ಟಿ, ಆ ನಂಬಿಕೆಯಿಂದ ಹೊರಬಂದು, ಆಮೇಲೆ ಜೀವನದ ದೊಡ್ಡ ಪುಸ್ತಕವನ್ನು 1912ರಲ್ಲಿ ಧರ್ಮದ ಬಗ್ಗೆಯೇ ಬರೆದ. ಜನ ಒಟ್ಟಿಗೆ ಸೇರಿ ಕುಣಿದು ಹಾಡಿದಾಗ ಒಬ್ಬೊಬ್ಬರಿಗೂ ತಮಗಿಂತ ದೊಡ್ಡದಾದ ಶಕ್ತಿಯೊಂದು ಮೈಯೊಳಗೆ ಬಂದ ಅನುಭವವಾಗುತ್ತದೆ. ಆ ಶಕ್ತಿ ನಿಜ, ಆದರೆ ಅದು ಆ ಗುಂಪಿನದೇ ಶಕ್ತಿ. ಜನ ಅದನ್ನು ಒಂದು ವಸ್ತುವಿನ ಮೇಲೆ ಕೂರಿಸಿ ಕೈಮುಗಿಯುತ್ತಾರೆ. ನಾನು ತಿಳಿದುಕೊಂಡಂತೆ ಅವನ ವಾದದ ತಿರುಳು ಇದು. ಓದುವಾಗ ಕಣ್ಣ ಮುಂದೆ ಬಂದದ್ದು ಕತ್ತಲ ರಾತ್ರಿಯ ಕುಣಿ. ಬೆಂಕಿಗೆ ಉಪ್ಪು ಚೆಲ್ಲುವ ಕೈಗಳು, ಪಂಜಾ ಹಿಡಿದವರ ನಡುಗುವ ತೋಳುಗಳು, ಜಾತಿ ಕೇಳದೆ ಹೆಗಲಿಗೆ ಹೆಗಲು ತಾಗಿಸಿ ಹೆಜ್ಜೆ ಹಾಕುವವರು.

ಒಂದು ಕಡೆ ಮಾತ್ರ ನನಗೆ ಅವನ ಮಾತು ಸಾಲದು ಅನ್ನಿಸಿತು. ಅವ್ವ ಕುಣಿಯ ಮುಂದೆ ನಿಂತಾಗ ಸುತ್ತ ಗುಂಪು ಇತ್ತು, ಸರಿ. ಆದರೆ ಎರಡು ಮಕ್ಕಳನ್ನು ಮಣ್ಣು ಮಾಡಿದ ಭಯ ಅವಳೊಬ್ಬಳದು. ಆ ಭಯವನ್ನು ಸಮಾಜ ಹುಟ್ಟಿಸಿದ್ದಲ್ಲ. ಸಮಾಜ ಅದಕ್ಕೆ ಆಡುವ ಮಾತು ಕೊಟ್ಟಿತು, ನಿಲ್ಲುವ ಜಾಗ ಕೊಟ್ಟಿತು, ಪಕ್ಕದಲ್ಲಿ ಒಬ್ಬ ಅತ್ತೆಯನ್ನು ನಿಲ್ಲಿಸಿತು. ಇನ್ನೊಂದು ಊರಿನಲ್ಲಿ ಹುಟ್ಟಿದ್ದರೆ ಅವ್ವ ಇನ್ನೊಂದು ದೇವರ ಮುಂದೆ ನಿಲ್ಲುತ್ತಿದ್ದಳು, ನನ್ನ ಹೆಸರು ಇನ್ನೇನೋ ಆಗುತ್ತಿತ್ತು. ಇಂದು ಅಂಥ ತಾಯಿ ನನ್ನ ಮುಂದೆ ಬಂದರೆ ನಾನು ತಾಲ್ಲೂಕು ಆಸ್ಪತ್ರೆಯ ತಾಯಿ ಕಾರ್ಡು ಮಾಡಿಸಲು ಹೇಳುತ್ತೇನೆ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅವಳ ಪಕ್ಕದಲ್ಲಿ ನಿಲ್ಲುವವರು ಯಾರು ಎಂಬುದಕ್ಕೆ ನನ್ನ ಬಳಿ ಉತ್ತರವಿಲ್ಲ.

ಈಗ ಊರು ಕೂಡ ಬದಲಾಗುತ್ತಿದೆ. ನಮ್ಮೂರಿನಲ್ಲಿ ಲಾಡಿ ಹಾಕುವವರು ಕಡಿಮೆಯಾಗಿದ್ದಾರೆ. ಇದು ನಮ್ಮ ಹಬ್ಬವಲ್ಲ ಎಂದು ಈ ಕಡೆಯ ಕೆಲವು ಹುಡುಗರಿಗೆ ಯಾರೋ ಹೇಳಿದ್ದಾರೆ. ಇದು ನಮ್ಮ ಧರ್ಮದಲ್ಲಿಲ್ಲ ಎಂದು ಆ ಕಡೆಯ ಕೆಲವು ಹುಡುಗರಿಗೂ ಯಾರೋ ಹೇಳಿದ್ದಾರೆ. ಇಬ್ಬರೂ ತಾವೇ ಯೋಚಿಸಿ ತೀರ್ಮಾನಿಸಿದ್ದೇವೆ ಎಂದು ನಂಬಿದ್ದಾರೆ, ನಾನು ಹಾಸ್ಟೆಲ್ಲಿನಲ್ಲಿ ನಂಬಿದ್ದ ಹಾಗೆಯೇ. ಹಿಂದೆ ಎಲ್ಲವೂ ಸೊಗಸಾಗಿತ್ತು ಎಂದು ನಾನು ಹೇಳುತ್ತಿಲ್ಲ. ಕುಣಿಯ ಸುತ್ತ ಹೆಗಲು ತಾಗಿಸಿದವರೇ ಮರುದಿನ ಬಾವಿಕಟ್ಟೆಯಲ್ಲಿ ದೂರ ನಿಲ್ಲುತ್ತಿದ್ದರು ಎಂದು ಅಜ್ಜಿಯೇ ಹೇಳಿದ್ದಾಳೆ.

ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡಿದ್ದಾಗ ಬಂದದ್ದು ಎಂಟನೇ ತರಗತಿಗೆ ಚಂದ್ರನ ಕಲೆಗಳ ಪಾಠ. ಯೋಜನೆಯ ನಮೂನೆಯಲ್ಲಿ "ಪೂರ್ವಜ್ಞಾನ" ಎಂಬ ಕಲಮಿಗೆ ನಾನು ಮೊದಲು ಬರೆದದ್ದು: "ವಿದ್ಯಾರ್ಥಿಗಳು ಚಂದ್ರನನ್ನು ನೋಡಿರುತ್ತಾರೆ." ನೀವೂ ಇಂಥ ವಾಕ್ಯ ಬರೆದಿರುತ್ತೀರಿ. ಗಾಳಿಯ ಪಾಠಕ್ಕೆ "ವಿದ್ಯಾರ್ಥಿಗಳು ಉಸಿರಾಡುತ್ತಾರೆ" ಎಂದು ನಮ್ಮಲ್ಲೊಬ್ಬರು ಬರೆದದ್ದು ನನಗೆ ಗೊತ್ತು. ಆ ವಾಕ್ಯವನ್ನು ಹೊಡೆದುಹಾಕಿ ಕಲಮನ್ನು ಖಾಲಿ ಬಿಟ್ಟೆ, ತರಗತಿಯಲ್ಲೇ ತುಂಬುವುದೆಂದು.

ದಿನವೂ ಚೆನ್ನಾಗಿ ಕೂಡಿಬಂದಿತ್ತು. ಜೂನ್ 25, ಬುಧವಾರ ಮಣ್ಣೆತ್ತಿನ ಅಮಾವಾಸ್ಯೆ. 26, ಗುರುವಾರ ಸಂಜೆ ಮೊಹರಂ ತಿಂಗಳ ಚಂದ್ರ. ನನ್ನ ಪಾಠ 27ರ ಶುಕ್ರವಾರ, ಮೂರನೇ ಅವಧಿ. ಮಕ್ಕಳ ಉಗುರಿನಲ್ಲಿ ಇನ್ನೂ ಎತ್ತು ಮಾಡಿದ ಮಣ್ಣಿತ್ತು.

"ಮಣ್ಣೆತ್ತು ಮಾಡಿದ ದಿನ ರಾತ್ರಿ ಚಂದ್ರ ಎಲ್ಲಿದ್ದ?" ಎಂದು ಕೇಳಿದೆ. ಅಮಾವಾಸಿ ರೀ, ಇರ್ಲಿಲ್ರಿ ಎಂದು ಎಲ್ಲರೂ ಕೂಗಿದರು. ಇರಲಿಲ್ಲವೋ, ಕಾಣಲಿಲ್ಲವೋ ಎಂದದ್ದಕ್ಕೆ ಸ್ವಲ್ಪ ಗುಸುಗುಸು. "ಹಾಗಾದರೆ ಮತ್ತೆ ಯಾವಾಗ, ಯಾವ ದಿಕ್ಕಿಗೆ ಕಾಣುತ್ತಾನೆ?" ಪೂರ್ವ ಎಂದರು ಬಹಳ ಜನ. ಸೂರ್ಯನ ಹಾಗೆ ಚಂದ್ರನೂ ಪೂರ್ವಕ್ಕೆ ಹುಟ್ಟುತ್ತಾನಲ್ಲ, ತರ್ಕ ಸರಿಯೇ.

ಕಿಟಕಿ ಪಕ್ಕದ ಹುಡುಗ ಕೈ ಎತ್ತಲಿಲ್ಲ. ತುಟಿ ಮಾತ್ರ ಅಲುಗಿತು. ನಾನು ಹೆಸರು ಹಿಡಿದು ಕರೆಯಲಿಲ್ಲ, ಆ ಕಡೆ ನೋಡಿದೆ.

"ಪಶ್ಚಿಮಕ್ಕ್ರಿ ಸರ. ಹೊತ್ತು ಮುಳುಗಿದ ಕೂಡ್ಲೆ ನೋಡ್ಬೇಕ್ರಿ. ಉಗುರಿನಷ್ಟ ಇರ್ತದ್ರಿ. ಭಾಳ ಹೊತ್ತ ಇರಂಗಿಲ್ರಿ, ಅದೂ ಮುಳುಗಿ ಹೋಗ್ತದ್ರಿ."

"ನಿನ್ನೆ ನೋಡಿದೆಯಾ?"

"ಮಾಡ ಇತ್ರಿ, ಕಾಣ್ಲಿಲ್ರಿ. ಬ್ಯಾರೆ ಊರಾಗ ಕಂಡೈತಿ ಅಂತ ಮಸೀದ್ಯಾಗ ಹೇಳಿದ್ರು. ಎಲ್ಲೂ ಕಾಣ್ದಿದ್ರ ಮೂವತ್ತು ತುಂಬಸ್ತಾರ್ರಿ."

ಪಠ್ಯಪುಸ್ತಕದ ಚಿತ್ರದಲ್ಲಿ ಇಲ್ಲದ ಮಾತುಗಳು ಇವು. ಬಾಲಚಂದ್ರ ಸಂಜೆ ಪಶ್ಚಿಮದಲ್ಲೇ ಏಕೆ ಕಾಣಬೇಕು, ಏಕೆ ಬೇಗ ಮುಳುಗಬೇಕು, ತಿಂಗಳು 29 ಅಥವಾ 30 ದಿನ ಏಕೆ ಎಂಬ ಮೂರನ್ನೂ ಅವನು ಒಂದೇ ಉಸಿರಿಗೆ ಇಟ್ಟಿದ್ದ. ಕಾರಣ ಮಾತ್ರ ಅವನಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕೆಂದು ಯಾರೂ ಅವನನ್ನು ಕೇಳಿರಲಿಲ್ಲ.

ಆಗ ಮುಂದಿನ ಸಾಲಿನ ಹುಡುಗಿ, "ಇಲ್ರಿ ಸರ, ನಮ್ಮವ್ವ ಸಂಕಷ್ಟಿ ಮಾಡ್ತಾಳ್ರಿ. ಚಂದ್ರ ಮೂಡೋತನಕ ಉಪಾಸ ಇರ್ತಾಳ್ರಿ. ಒಂಬತ್ತು ಹೊಡದ್ರೂ ಬರಂಗಿಲ್ರಿ. ಅದು ಪೂರ್ವಕ್ಕ ಬರ್ತದ್ರಿ" ಎಂದಳು. ಅವಳ ಮಾತೂ ಸರಿ. ಸಂಕಷ್ಟಿ ಬರುವುದು ಹುಣ್ಣಿಮೆಯಾದ ನಾಲ್ಕನೆಯ ದಿನ. ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ. ನಾಲ್ಕು ದಿನಕ್ಕೆ ಮೂರು ಗಂಟೆ ಚಿಲ್ಲರೆ. ಕ್ಯಾಲೆಂಡರಿನಲ್ಲಿ ಚಂದ್ರೋದಯದ ಸಮಯ ಅಚ್ಚು ಹಾಕುವುದೇ ಇಂಥ ಉಪವಾಸದವರಿಗಾಗಿ.

ಒಂದು ಮನೆಯಿಂದ ಶುಕ್ಲಪಕ್ಷದ ಮೊದಲ ಚಂದ್ರ ಬಂದಿತ್ತು, ಇನ್ನೊಂದು ಮನೆಯಿಂದ ಕೃಷ್ಣಪಕ್ಷದ ಚಂದ್ರ. ನನ್ನ ಬಳಿ ಟಾರ್ಚು ಇತ್ತು, ಅರ್ಧಕ್ಕೆ ಕಪ್ಪು ಬಳಿದ ಥರ್ಮಾಕೋಲ್ ಚೆಂಡಿತ್ತು. ಇಬ್ಬರನ್ನೂ ಮುಂದೆ ಕರೆದು, ಅವನಿಗೆ ತನ್ನ ಚಂದ್ರನನ್ನೂ ಅವಳಿಗೆ ತನ್ನವ್ವನ ಚಂದ್ರನನ್ನೂ ಅದೇ ಚೆಂಡಿನಿಂದ ತೋರಿಸಲು ಹೇಳಿದೆ. ಚೆಂಡನ್ನು ಟಾರ್ಚಿನ ಪಕ್ಕಕ್ಕೆ ತಂದರೆ ಉಗುರು, ಎದುರಿಗೆ ತಂದು ಸ್ವಲ್ಪ ಮುಂದಕ್ಕೆ ಜರುಗಿಸಿದರೆ ಸಂಕಷ್ಟಿ. ಎರಡು ಸಲ ತಪ್ಪಿತು. ಮೂರನೇ ಸಲಕ್ಕೆ ಹಿಂದಿನ ಬೆಂಚಿನವರು ಎದ್ದು ನಿಂತು ನೋಡುತ್ತಿದ್ದರು. ಅವಧಿ ಮುಗಿದ ಗಂಟೆ ಬಾರಿಸಿದ್ದು ನನಗೆ ಕೇಳಿಸಲಿಲ್ಲ. ಮೌಲ್ಯಮಾಪನದ ಹಂತ ಬಿಟ್ಟೇ ಹೋಯಿತು, ಅದಕ್ಕೆ ಅಂಕವೂ ಹೋಯಿತು.

ಮರುದಿನ ಕಪ್ಪುಹಲಗೆಯ ಮೇಲೆ ಎರಡು ಸಾಲು ಬರೆದೆ. ಯುಗಾದಿ: 2023 ಮಾರ್ಚ್ 22, 2024 ಏಪ್ರಿಲ್ 9, 2025 ಮಾರ್ಚ್ 30. ಮೊಹರಂ ಕಡೇ ದಿನ: 2023 ಜುಲೈ 29, 2024 ಜುಲೈ 17, 2025 ಜುಲೈ 6. ಏನು ಕಾಣುತ್ತದೆ ಎಂದೆ. ಯುಗಾದಿ ಹಿಂದೆ ಮುಂದೆ ಜೋಲಿ ಹೊಡೆಯುತ್ತದೆ, ಅಲಾಯಿ ಬರೀ ಹಿಂದಕ್ಕೇ ಹೋಗುತ್ತದೆ ಎಂದರು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ 29.53 ದಿನ. ಅದನ್ನು ಹನ್ನೆರಡರಿಂದ ಗುಣಿಸಿದರೆ ಸುಮಾರು 354. ವರ್ಷಕ್ಕೆ 11 ದಿನ ಕಡಿಮೆ. ಪಂಚಾಂಗದವರು ಈ ಕೊರತೆಯನ್ನು ಕೂಡಿಸಿಟ್ಟು ಎರಡೂವರೆ ಮೂರು ವರ್ಷಕ್ಕೊಮ್ಮೆ ಒಂದು ಅಧಿಕ ಮಾಸ ಸೇರಿಸುತ್ತಾರೆ, 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು. ಹಿಜರಿ ಕಾಲಗಣನೆಯವರು ಸೇರಿಸುವುದಿಲ್ಲ, ಹಬ್ಬ ಎಲ್ಲ ಋತುಗಳನ್ನೂ ಸುತ್ತಿ ಸುಮಾರು 33 ವರ್ಷಕ್ಕೆ ಮೊದಲಿನ ಜಾಗಕ್ಕೆ ಬರುತ್ತದೆ. ಇಬ್ಬರೂ ನೋಡುವುದು ಒಂದೇ ಚಂದ್ರನನ್ನು. ಬಾಕಿ ದಿನಗಳನ್ನು ಏನು ಮಾಡಬೇಕೆಂಬುದರಲ್ಲಿ ಮಾತ್ರ ಎರಡು ಸಮಾಜಗಳು ಎರಡು ಒಪ್ಪಂದ ಮಾಡಿಕೊಂಡಿವೆ. ಯಾವುದು ಸರಿ ಸರ ಎಂದು ಒಬ್ಬ ಕೇಳಿದ. ಚಂದ್ರನಿಗೆ ಎರಡೂ ಒಂದೇ ಎಂದೆ. ಈ ಉತ್ತರ ಅವನಿಗೆ ಹಿಡಿಸಿದ ಹಾಗೆ ಕಾಣಲಿಲ್ಲ.

ಈ ಲೆಕ್ಕ ನನಗೇ ಒಂದು ಕೆಲಸ ಮಾಡಿಕೊಟ್ಟಿತು. ನಾನು ಹುಟ್ಟಿದ ವರ್ಷ ಅಲಾಯಿ ಬ್ಯಾಸಗ್ಯಾಗ ಬಂದಿತ್ತು, ಬೆಂಕಿ ಹಾಕೋ ಮುಂಚೆನೇ ನೆಲ ಕಾದು ಕಾಲು ಸುಡ್ತಿತ್ತು, ಮೂರು ತಿಂಗಳ ಕೂಸನ್ನು ಸೆರಗಿನಾಗ ಮುಚ್ಚಿಕೊಂಡು ಲಾಡಿ ಹಾಕಿಸಿದೆ ಎಂದು ಅಜ್ಜಿ ಯಾವಾಗಲೂ ಹೇಳುತ್ತಿದ್ದಳು. ನನಗೆ ನೆನಪಿರುವ ಮೊಹರಂಗಳಲ್ಲಿ ಒಂದೂ ಬೇಸಿಗೆಯದಲ್ಲ. ವಯಸ್ಸಾಗಿದೆ, ಕತೆ ಕಟ್ಟುತ್ತಾಳೆ ಎಂದುಕೊಂಡಿದ್ದೆ. ಸಿಬ್ಬಂದಿ ಕೊಠಡಿಯಲ್ಲಿ ಕುಳಿತು ಲೆಕ್ಕ ಹಾಕಿದರೆ 2000ದ ಮೊಹರಂ ಏಪ್ರಿಲ್ ನಡುವಿನಲ್ಲೇ ಬಿದ್ದಿತ್ತು. ವಿಜ್ಞಾನ ಓದಿದವನ ನೆನಪಿಗಿಂತ ಅವಳ ನೆನಪೇ ಗಟ್ಟಿ.

ಜುಲೈ 5ರ ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋದೆ. ಕತ್ತಲ ರಾತ್ರಿ ಕುಣಿಯ ಹತ್ತಿರ ನಿಂತಿದ್ದೆ. ಅಜ್ಜಿಗೆ ಏಪ್ರಿಲ್ ಲೆಕ್ಕ ಹೇಳಿದೆ. "ನಾ ಹೇಳಿದ್ನೆಲ್ಲೋ" ಎಂದಳು ಅಷ್ಟೆ. ಲಾಡಿ ಹಾಕಿಕೊಂಡೆಯಾ ಎಂದು ಓದುವವರು ಕೇಳಬಹುದು. ಇಲ್ಲ. ಅಜ್ಜಿ ತರಲಿಲ್ಲ, ನಾನೂ ಕೇಳಲಿಲ್ಲ. ದೇವರ ಬಗ್ಗೆ ನನಗಿರುವ ಸಂಶಯ ಹಾಗೇ ಇದೆ. ಆದರೆ ಹಲಗೆ ಜೋರಾದಾಗ ಕಾಲು ತಾನಾಗಿ ಹೆಜ್ಜೆ ಹಿಡಿಯಿತು. ಅದನ್ನು ತಡೆಯಲು ಹೋಗಲಿಲ್ಲ.

ಸೋಮವಾರ ತರಗತಿಗೆ ಬಂದವನು ದಿನಾಂಕ, ವಿಷಯ, ಹಾಜರಿ ಸಂಖ್ಯೆ ಬರೆಯುವ ಮೂಲೆಯಲ್ಲಿ ಶಿಕ್ಷಕರ ಹೆಸರಿನ ಮುಂದೆ ಹುಸೇನಪ್ಪ ಎಂದು ಬರೆದೆ. ಇದಕ್ಕೂ ಮುಂಚೆ ಆ ಜಾಗವನ್ನು ಖಾಲಿ ಬಿಡುತ್ತಿದ್ದೆ. ಭಾಷಣವೇನೂ ಮಾಡಲಿಲ್ಲ. ಆ ದಿನದ "ಅಲ್ಲ, ಅಲ್ಲ"ವನ್ನು ವಾಪಸು ತೆಗೆದುಕೊಳ್ಳುವ ಮಾತು ಎಷ್ಟು ಹುಡುಕಿದರೂ ಸಿಗಲಿಲ್ಲ. ಕಿಟಕಿ ಪಕ್ಕದವನನ್ನು ಬೇರೆ ಕರೆದು ಮಾತಾಡಿದ್ದರೆ ನನ್ನ ಮನಸ್ಸು ಹಗುರಾಗುತ್ತಿತ್ತು, ಅವನಿಗೆ ಇನ್ನೊಂದು ಭಾರವಾಗುತ್ತಿತ್ತು. ಕೆಲವರು ಹುಸೇನಪ್ಪ ಸರ್ ಎಂದರು, ಕೆಲವರಿಗೆ ಹರ್ಷ ಸರ್ ರೂಢಿಯಾಗಿತ್ತು. ಒಬ್ಬ ಎರಡನ್ನೂ ಸೇರಿಸಿ ಕರೆದ. ಸಹಪಾಠಿ ಮಾತ್ರ ಊಟದ ಹೊತ್ತಿಗೆ, "ಏನಪ್ಪಾ, ನಿನ್ನ ಹೆಸರು ನಮಗೂ ಗೊತ್ತಿರಲಿಲ್ಲವಲ್ಲ" ಎಂದ. ಒಂದು ವರ್ಷ ಒಂದೇ ಬೆಂಚಿನಲ್ಲಿ ಕುಳಿತವರು ನಾವು.

ಅಭ್ಯಾಸ ಬೋಧನೆಯ ಕೊನೆಯ ದಿನ ಎಂಟನೇ ತರಗತಿಯವರು ಪೆನ್ನು ಕೊಟ್ಟರು, ಫೋಟೊ ತೆಗೆಸಿಕೊಂಡರು. ಹೊರಡುವಾಗ, ಅಂದು ಪುಸ್ತಕ ತರಲು ಹೋಗಿ ಬರಿಗೈಯಲ್ಲಿ ಬಂದಿದ್ದ ಹುಡುಗ ನೋಟುಬುಕ್ಕು ಹಿಡಿದು ಅಡ್ಡ ಬಂದ.

"ಸರ, ಮುಂದಿನ ವರ್ಷದ ಅಲಾಯಿ ಲೆಕ್ಕ ಹಾಕೀನ್ರಿ. ಜೂನ್ 25 ಬರ್ತದ್ರಿ. ಬರೋಬ್ಬರಿ ಐತೇನ್ರಿ?"

ನಾನು ಬಾಯಿ ತೆರೆಯುವ ಮುಂಚೆ ಅವನ ಹಿಂದಿನಿಂದ, ಕಿಟಕಿ ಪಕ್ಕದವನು ನೋಟುಬುಕ್ಕಿನೊಳಗೆ ಇಣುಕಿ ಹೇಳಿದ:

"ಈಗ್ಲೆ ಹೆಂಗ ಹೇಳ್ತೀಯಲೇ? ಒಂದು ದಿನ ಹಿಂದ ಮುಂದ ಆಗ್ತೈತಿ. ಮೊದ್ಲ ಚಂದ್ರ ಕಾಣ್ಲಿ, ತಡಿ."